ಬಾಡಿಗೆ ಮನೆಯ ಫರಸಿ ಕೀಳುವ ಮುನ್ನ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ಬದಲಿಸುವ ಹಂಗಾಮು ಶುರು. ಹಳೆಯ ಶಹಾಬಾದಿ ಫರಸಿ (ಹಾಸುಗಲ್ಲು), ಬಣ್ಣಗೆಟ್ಟ ಮೊಸಾಯಿಕ್, ಬಿರುಕು ಬಿಟ್ಟ ರೆಡ್ ಆಕ್ಸೈಡ್ ನೆಲ ಕಂಡರೆ ನೋಡಲು ಬಂದವರು ಮೂಗು ಮುರಿಯುತ್ತಾರೆ. ಮಾಲೀಕರು ಗೌಂಡಿಯನ್ನು ಕರೆಸಿ "ಫರಸಿ ಮ್ಯಾಲೇ ಟೈಲ್ಸ್ ಕೂಡ್ರಿಸಿಬಿಡ್ರಿ, ಎರಡು ದಿನದಾಗ ಮುಗೀಬೇಕು" ಎನ್ನುತ್ತಾರೆ. ಶ್ರಾವಣದ ಹೊತ್ತಿಗೆ ಆ ಟೈಲ್ಸ್ ಕಾಲಿಟ್ಟಲ್ಲೆಲ್ಲ ಡಬಡಬ ಎನ್ನತೊಡಗುತ್ತವೆ, ಜಗಳ ಡಿಪಾಜಿಟ್ಟಿನ ತನಕ ಹೋಗುತ್ತದೆ. ನಮ್ಮ ಅಭಿಪ್ರಾಯ ಇಷ್ಟು: ನೆಲದ ಕೆಳಗಿನ ದೋಷದ ಖರ್ಚು ಮಾಲೀಕರದು. ಬಾಡಿಗೆದಾರರು ದುಡ್ಡು ಹಾಕುವುದಾದರೆ ಹೋಗುವಾಗ ಎತ್ತಿಕೊಂಡು ಹೋಗುವಂಥದ್ದಕ್ಕೆ ಮಾತ್ರ ಹಾಕಲಿ.

ದೋಷ ಮೇಲಿನದೋ ಕೆಳಗಿನದೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ಫರಸಿಯನ್ನು ಒಂದೊಂದಾಗಿ ತಟ್ಟುತ್ತ ಹೋಗಿ, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆರಡಿಯ ಅಲ್ಯುಮಿನಿಯಂ ಪಟ್ಟಿಯನ್ನು ನಾಲ್ಕೂ ದಿಕ್ಕಿಗೆ ಇಟ್ಟು ಕೆಳಗೆ ಬೆಳಕು ಕಾಣುತ್ತದೆಯೇ ನೋಡಿ. ಆಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು, ಕನಿಷ್ಠ 16 ತಾಸು ಬಿಡಬೇಕು. ತೆಗೆದಾಗ ಹಾಳೆಯ ಅಡಿಯಲ್ಲಿ ನೀರ ಹನಿ ಇದ್ದರೆ ಅಥವಾ ಕಲ್ಲು ಕಪ್ಪಿಟ್ಟಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ. ಆದರೆ ಮೇ ತಿಂಗಳಲ್ಲಿ ಈ ಪರೀಕ್ಷೆ ಮಾಡಿ ನಿಶ್ಚಿಂತರಾಗಬೇಡಿ. ಒಣ ಹಂಗಾಮಿನಲ್ಲಿ ಎಲ್ಲ ನೆಲವೂ ಪಾಸಾಗುತ್ತದೆ! ಗೋಡೆಯ ಬುಡದಲ್ಲಿ ಒಂದಡಿ ಎತ್ತರಕ್ಕೆ ಬಣ್ಣ ಉದುರಿದೆಯೇ, ಬಿಳಿ ಉಪ್ಪು ಹೂವಿನಂತೆ ಎದ್ದಿದೆಯೇ ನೋಡಿದರೆ ಕಳೆದ ಮಳೆಗಾಲದ ಲೆಕ್ಕ ಸಿಗುತ್ತದೆ.

ಧಾರವಾಡದ ಊರೊಳಗೆ ಬಹುಪಾಲು ಕೆಂಪು ಗರಸಿನ (ಹರಳು ಬೆರೆತ ಗಟ್ಟಿ ಮಣ್ಣಿನ) ನೆಲ, ಅಲ್ಲಿ ತೊಂದರೆ ಕಡಿಮೆ. ಹುಬ್ಬಳ್ಳಿ, ಗದಗ, ನವಲಗುಂದದ ಕಡೆ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಪಾಯಾ ಗಟ್ಟಿ ಪದರಕ್ಕೆ ಇಳಿದಿದ್ದರೆ ಗೋಡೆ ನಿಲ್ಲುತ್ತದೆ, ಕೋಣೆಯ ನಡುವಿನ ನೆಲ ಮಾತ್ರ ಏರಿಳಿಯುತ್ತದೆ. ಹೀಗಾಗಿಯೇ ಬಿರುಕು ಗೋಡೆಗೆ ಸಮಾನಾಂತರವಾಗಿ ಒಂದೆರಡು ಅಡಿ ಒಳಗೆ ಬರುತ್ತದೆ. ಇದರ ಜತೆಗೆ ಸಂಪು. ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಎಲ್ಲರ ಮನೆಯಲ್ಲೂ ಸಂಪು ಇದೆ, ಪಾಯಾಕ್ಕೆ ತಾಗಿಯೇ ಇದೆ. ಸಂಪು ಸೋರಿದರೆ ಅಥವಾ ಬಚ್ಚಲ ನೀರು ಗೋಡೆಯ ಬುಡಕ್ಕೆ ಹರಿದರೆ ಬೇಸಿಗೆಯಲ್ಲೂ ಒಂದು ಮೂಲೆಯ ಮಣ್ಣು ಉಬ್ಬುತ್ತದೆ. ಸೋರಿಕೆ ನಿಲ್ಲಿಸದೆ ಯಾವ ಕಂಪನಿಯ ಟೈಲ್ಸ್ ಹಾಕಿದರೂ ಹಣ ಮಣ್ಣುಪಾಲು.

ಹಳೆಯ ನೆಲ ಗಟ್ಟಿಯಾಗಿ ಕೂತಿದ್ದು, ತೇವವಿಲ್ಲದೆ, ಒಂದೆರಡು ಫರಸಿ ಮಾತ್ರ ಪೊಳ್ಳಾಗಿದ್ದರೆ ಮೇಲೆ ಟೈಲ್ಸ್ ಹಾಕಲು ಅಡ್ಡಿಯಿಲ್ಲ. ಆದರೆ ಸಿಮೆಂಟ್ ಹಾಲು ಸುರಿದು ಕೂಡ್ರಿಸುವ ಪದ್ಧತಿ ಇಲ್ಲಿ ನಡೆಯದು. ವಿಟ್ರಿಫೈಡ್ ಟೈಲ್ ನೀರು ಹೀರುವುದು ಅರ್ಧ ಪ್ರತಿಶತಕ್ಕಿಂತ ಕಡಿಮೆ, ಕೆಳಗಿನ ನುಣುಪಾದ ಫರಸಿಯೂ ಹೀರುವುದಿಲ್ಲ. ಸಿಮೆಂಟ್ ಎರಡೂ ಕಡೆ ಕಚ್ಚದೆ ಹಪ್ಪಳದಂತೆ ಬಿಡುತ್ತದೆ. ಇದಕ್ಕೆ ಟೈಲ್ ಅಂಟು ಬೇಕು. ಚೀಲದ ಮೇಲೆ ಟೈಲ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477 ಗುರುತು ಮತ್ತು "ಟೈಲ್ ಮೇಲೆ ಟೈಲ್"ಗೆ ಯೋಗ್ಯ ಎಂಬ ಬರಹ ಎರಡೂ ಇರಲಿ. ಪೊಳ್ಳು ಫರಸಿಗಳನ್ನು ಮೊದಲು ಎಬ್ಬಿಸಿ ಗಟ್ಟಿಯಾಗಿ ಕೂಡ್ರಿಸಬೇಕು. ಉಳಿದುದಕ್ಕೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆದು, ಧೂಳು ಗುಡಿಸಿ, ತೊಳೆದು ಒಣಗಿಸಬೇಕು. ರೆಡ್ ಆಕ್ಸೈಡ್ ನೆಲವಾದರೆ ಇನ್ನೂ ಎಚ್ಚರ: ವರ್ಷಗಟ್ಟಲೆ ಕೊಬ್ಬರಿ ಎಣ್ಣೆ, ಮೇಣ ಉಜ್ಜಿದ ಪದರ ಪೂರ್ತಿ ಕೆರೆದು ಹೋಗದಿದ್ದರೆ ಅಂಟು ಎಣ್ಣೆಯನ್ನೇ ಹಿಡಿದುಕೊಳ್ಳುತ್ತದೆ, ನೆಲವನ್ನಲ್ಲ.

10×12 ಅಡಿಯ ಕೋಣೆಯ ಲೆಕ್ಕ ಹೇಳುತ್ತೇವೆ. ನೆಲ 120 ಚದರ ಅಡಿ, ಕತ್ತರಿಕೆಗೆ ಶೇ 10 ಸೇರಿಸಿ 132. ಎರಡಡಿ ಟೈಲಿನ ನಾಲ್ಕರ ಪೆಟ್ಟಿಗೆ ಸುಮಾರು 15.5 ಚದರ ಅಡಿ ಬರುತ್ತದೆ, ಅಂದರೆ 9 ಪೆಟ್ಟಿಗೆ. ಒಂದು ಟೈಲಿನಿಂದ ನಾಲ್ಕಿಂಚಿನ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) 12 ಅಡಿ ಸಿಗುತ್ತದೆ, ಬಾಗಿಲು ಬಿಟ್ಟು 41 ಅಡಿಗೆ ನಾಲ್ಕು ಟೈಲ್, ಅಂದರೆ ಇನ್ನೊಂದು ಪೆಟ್ಟಿಗೆ. ಹತ್ತೂ ಪೆಟ್ಟಿಗೆಯ ಮೇಲೆ ಒಂದೇ ಬ್ಯಾಚ್ ನಂಬರ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. 3 ಮಿ.ಮೀ. ದಪ್ಪಕ್ಕೆ ಹಾಕಿದರೆ 20 ಕಿಲೋ ಅಂಟು ಸುಮಾರು 40 ಚದರ ಅಡಿಗೆ ಸಾಲುತ್ತದೆ. ಕಾಗದದ ಮೇಲೆ ಮೂರು ಚೀಲ. ಆದರೆ ಹಳೆಯ ಫರಸಿ ಎಂದೂ ಅಷ್ಟು ಸಮ ಇರುವುದಿಲ್ಲ, ಐದು ತರಿಸಿ. ಸಂದು ತುಂಬಲು ಎರಡು ಕಿಲೋ ಗ್ರೌಟ್ ಸಾಕು.

ಅಂಟನ್ನು ಹಲ್ಲಿನ ಕರಣಿಯಿಂದ ಒಂದೇ ದಿಕ್ಕಿಗೆ ಎಳೆದು ಹರಡಬೇಕು. ನಾಲ್ಕು ಮೂಲೆಗೊಂದು, ನಡುವೆ ಒಂದು ಹೆಂಟೆ ಇಟ್ಟು ಟೈಲ್ ಒತ್ತುವುದು ಕಳ್ಳ ಕೆಲಸ. ಹೆಂಟೆಗಳ ನಡುವಿನ ಪೊಳ್ಳಿನ ಮೇಲೆ ಕಪಾಟಿನ ಕಾಲು ಬಂತೆಂದರೆ ಟೈಲ್ ಸೀಳುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಹರಡಿದ ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ. ಬೆರಳಿಟ್ಟಾಗ ಅಂಟದಿದ್ದರೆ ಕೆರೆದು ಚೆಲ್ಲಬೇಕು, ನೀರು ಚಿಮುಕಿಸಿ ಮುಂದುವರಿಸಬಾರದು. ಪ್ರತಿ ಏಳೆಂಟು ಟೈಲಿಗೆ ಒಂದನ್ನು ಹಸಿಯಿದ್ದಾಗಲೇ ಎತ್ತಿ ನೋಡಿ, ಬೆನ್ನ ತುಂಬ ಅಂಟು ಹತ್ತಿರಬೇಕು. ಟೈಲುಗಳ ನಡುವೆ 2 ಮಿ.ಮೀ. ಸ್ಪೇಸರ್, ಗೋಡೆಯ ಸುತ್ತ 5-6 ಮಿ.ಮೀ. ಖಾಲಿ ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಬೇಕು. ಸಂದಿಲ್ಲದೆ ಒತ್ತಿ ಕೂಡ್ರಿಸಿದ ಟೈಲ್ಸ್ ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಒಂದು ದಿನ ಢಬ್ ಎಂದು ಡೇರೆಯಂತೆ ಏಳುತ್ತವೆ. ಟೈಲು, ಅಂಟು ಸೇರಿ ನೆಲ ಅರ್ಧ ಇಂಚು ಏರುತ್ತದೆ. ಬಾಗಿಲಿನ ಅಡಿ ಕೊಯ್ಯಲು ಬಡಗಿಯನ್ನು ಮೊದಲೇ ಹೇಳಿಡಿ, ಬಚ್ಚಲ ಹೊಸ್ತಿಲು ಹೊಸ ನೆಲಕ್ಕಿಂತ ಎತ್ತರ ಉಳಿಯುತ್ತದೆಯೇ ನೋಡಿ.

ನೆಲ ಕುಸಿದಿದ್ದರೆ ಕೀಳುವುದೊಂದೇ ದಾರಿ. ಫರಸಿ, ಅದರಡಿಯ ಗಿಲಾವು (ಗಾರೆಯ ಪದರ) ತೆಗೆದ ಮೇಲೆ ಎರೆಮಣ್ಣು ಕಂಡರೆ ಅದನ್ನು ಸಾಧ್ಯವಾದಷ್ಟು ಆಳಕ್ಕೆ ತೆಗೆದು ಗರಸು ತುಂಬಬೇಕು. ಒಮ್ಮೆಗೇ ಸುರಿಯದೆ ಆರಾರು ಇಂಚಿನ ಪದರ ಹಾಕಿ, ನೀರು ಹೊಡೆದು, ಧಮ್ಮಸ್ ಮಾಡಬೇಕು, ಅಂದರೆ ಬಡಿದು ಗಟ್ಟಿ ಮಾಡಬೇಕು. ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಸಿ, ಅಂಚನ್ನು ಗೋಡೆಗೆ ಮಡಚಿ, ನಾಲ್ಕಿಂಚು 1:4:8 (ಸಿಮೆಂಟ್, ಉಸುಕು, ಖಡಿಯ ಪ್ರಮಾಣ) ಕಾಂಕ್ರೀಟ್ ಹಾಕಿ. ಅದೇ ಕೋಣೆಗೆ ಸಿಮೆಂಟ್ 4 ಚೀಲ, ಉಸುಕು 20 ಘನ ಅಡಿ, ಖಡಿ 40 ಘನ ಅಡಿ ಬೇಕು. ಏಳು ದಿನ ನೀರು ಉಣಿಸಬೇಕು. ನಲ್ಲಿ ಬರುವ ದಿನ ನೋಡಿ ಕೆಲಸ ಹಿಡಿಯಿರಿ, ಇಲ್ಲವಾದರೆ ಮೂರನೇ ದಿನಕ್ಕೆ ಸಂಪು ಖಾಲಿಯಾಗಿ ಕಾಂಕ್ರೀಟ್ ಒಣಗುತ್ತದೆ.

ಹಳೆಯ ಮನೆಗಳ ಕಟ್ಟಿಗೆ ತೊಲೆಯ ಮಾಳಿಗೆಗೆ ಮಾತ್ರ ಈ ಯಾವುದೂ ಬೇಡ. ಎರಡಿಂಚು ಗಿಲಾವು ಹಾಕಿದರೂ ಇಷ್ಟೇ ಕೋಣೆಗೆ ಒಂದು ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ.

ಬಾಡಿಗೆದಾರರ ಪಾಲಿಗೆ ಉಳಿದದ್ದು ಎತ್ತಿಕೊಂಡು ಹೋಗುವ ನೆಲ. ಕ್ಲಿಕ್ ಮಾಡಿ ಜೋಡಿಸುವ 4ರಿಂದ 6 ಮಿ.ಮೀ. ಎಸ್‌ಪಿಸಿ (ಕಲ್ಲುಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆಗೆ ಅಂಟು ಬೇಡ, ಮನೆ ಬಿಡುವಾಗ ಬಿಚ್ಚಿ ಒಯ್ಯಬಹುದು. ನೆಲ ಹತ್ತಡಿಗೆ 5 ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ಹಲಗೆಯ ನಾಲಿಗೆ ಮುರಿಯುತ್ತದೆ. ಸುತ್ತ 6-8 ಮಿ.ಮೀ. ಬಿಡಬೇಕು. ಪಿವಿಸಿ ಕಾರ್ಪೆಟ್ ಅಗ್ಗ, ಆದರೆ ಒರಟು ಫರಸಿಯ ಪ್ರತಿ ಸಂದೂ ಅದರ ಮೇಲೆ ಗೆರೆಯಾಗಿ ಮೂಡುತ್ತದೆ. ತೇವ ಏರುವ ನೆಲದ ಮೇಲೆ ಎರಡೂ ಬೇಡ, ಕೆಳಗೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ನಿಜ ಹೇಳಬೇಕೆಂದರೆ ಒಳ್ಳೆಯ ಶಹಾಬಾದಿ ನೆಲವಿದ್ದರೆ ಸಂದುಗಳನ್ನು ಅರ್ಧ ಇಂಚು ಕೆರೆದು ಹೊಸದಾಗಿ ತುಂಬಿಸಿ, ಮಷಿನ್ ಪಾಲಿಶ್ ಹೊಡೆಸುವುದೇ ಮೇಲು. ಬೇಸಿಗೆಯಲ್ಲಿ ಆ ತಂಪು ಯಾವ ಹಲಗೆಗೂ ಇಲ್ಲ.

ಕಾನೂನಿನ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಬಾಡಿಗೆದಾರರು ತಾವು ಕೂಡಿಸಿದ್ದನ್ನು ಮನೆ ಬಿಡುವ ಮುನ್ನ ಬಿಚ್ಚಿ ಒಯ್ಯಬಹುದು, ಜಾಗ ಮೊದಲಿದ್ದಂತೆ ಇರಬೇಕಷ್ಟೆ. ಸಹಜ ಸವೆತಕ್ಕೆ ಅವರು ಹೊಣೆಯಲ್ಲ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ "ಮಾಡಲೇಬೇಕಾದ" ದುರಸ್ತಿ ಯಾವುದೆಂದು ಕರಾರಿನಲ್ಲೇ ಇರಬೇಕು. ಸ್ಟೇಷನರಿ ಅಂಗಡಿಯ ಸಿದ್ಧ ನಮೂನೆಯ 11 ತಿಂಗಳ ಕರಾರಿನಲ್ಲಿ ಬಣ್ಣದ ಸಾಲು ಇರುತ್ತದೆ, ನೆಲದ ಸಾಲು ಇರುವುದಿಲ್ಲ. "ನೆಲ ಕುಸಿತ, ತೇವ, ಪೊಳ್ಳು ಟೈಲ್ ದುರಸ್ತಿ ಮಾಲೀಕರದು" ಎಂದು ಕೈಯಿಂದಲೇ ಬರೆಸಿ, ಇಬ್ಬರೂ ಸಹಿ ಹಾಕಿ, ಸೀಮೆಸುಣ್ಣದ ಗುರುತು ಕಾಣುವಂತೆ ನೆಲದ ಫೋಟೊ ತೆಗೆದು ಜತೆಗಿಡಿ.

ಕೊನೆಗೆ ಪಾಲಿಕೆಗೊಂದು ಬೇಡಿಕೆ. ಒಂದು ಕೋಣೆಯ ಫರಸಿ ಕಿತ್ತರೆ ಅರ್ಧ ಬ್ರಾಸ್ (50 ಘನ ಅಡಿ), ಅಂದರೆ ಸುಮಾರು ಎರಡು ಟನ್ ಅವಶೇಷ. ಅದನ್ನು ರಸ್ತೆ, ಚರಂಡಿಗೆ ಸುರಿಯಬಾರದೆಂದು 2016ರಲ್ಲೇ ಕೇಂದ್ರದ ನಿಯಮ ಬಂದಿದೆ. ಆದರೂ ರಾತ್ರಿ ಟಂಟಂಗಳಲ್ಲಿ (ಸರಕಿನ ಆಟೊಗಳಲ್ಲಿ) ಅದು ನಾಲಾಗಳ ದಂಡೆ ಸೇರುತ್ತಿದೆ. ಹುಬ್ಬಳ್ಳಿ ಮತ್ತು ಧಾರವಾಡದಲ್ಲಿ ಇಂಥ ಸಣ್ಣ ಕೆಲಸದ ಅವಶೇಷ ಎಲ್ಲಿಗೆ ಒಯ್ಯಬೇಕು, ಟಂಟಂ ಲೋಡಿಗೆ ಎಷ್ಟು ಶುಲ್ಕ ಎಂಬುದನ್ನು ಪಾಲಿಕೆ ವಾರ್ಡ್ ಕಚೇರಿಗಳ ಫಲಕದಲ್ಲಿ ಬರೆದು ಹಚ್ಚಲಿ, ಬೇಸಿಗೆಯ ಈ ಹಂಗಾಮು ಮುಗಿಯುವ ಮೊದಲೇ.

— ಸಿವಿಲ್ ಗುತ್ತಿಗೆದಾರರು, ಹುಬ್ಬಳ್ಳಿ