ಕಮಲಾ ಎದ್ದು ಬಂದರೂ ಇಳಿಯದ ಸಿಟ್ಟು: ಮಗಳಿಗೊಂದು ಪತ್ರ

ಉಡುಪಿ
ಸೆಪ್ಟೆಂಬರ್ 2023

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ಕಾಮಿಕ್ಸ್ ನಾಯಕಿ ಕಮಲಾಳ ಮಾತೆತ್ತಿ ಮಾವ ನಿನ್ನನ್ನು ಕೆಣಕಿದ್ದು ನನಗೆ ಸರಿ ಕಾಣಲಿಲ್ಲ. "ಸತ್ತವಳು ಎದ್ದು ಬಂದಳಲ್ಲ, ಇನ್ನೂ ಏನು ಸಿಟ್ಟು?" ಎಂದು ಅವನು ನಕ್ಕ ಕೂಡಲೇ ನೀನು ಮಾತು ನಿಲ್ಲಿಸಿಬಿಟ್ಟೆ. ಆಮೇಲೆ ನನ್ನೊಬ್ಬಳಿಗೇ, ಇನ್ನು ಆ ಕಾಮಿಕ್ಸ್ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ನಿನ್ನ ಹೆಸರಿನಲ್ಲಿ ತೆಗೆದಿಡುವ ಪುಸ್ತಕಗಳ ಪಟ್ಟಿಯನ್ನೂ ರದ್ದು ಮಾಡಿಸುತ್ತೇನೆ ಎಂದೆ. ರದ್ದು ಮಾಡಿಸುವುದು ಬಿಡುವುದು ನಿನ್ನಿಷ್ಟ. ಆದರೆ ಇಷ್ಟಕ್ಕೆಲ್ಲ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ಕೇಳುವವರ ಮಾತಿಗೆ ಕಿವಿಗೊಡಬೇಡ. ಸಿಟ್ಟಿಗೆ ತಕ್ಕ ಕಾರಣ ಇದೆ. ನನಗೆ ತೋಚಿದ್ದನ್ನು ಬರೆಯುತ್ತೇನೆ. ಫೋನಿನಲ್ಲಾದರೆ ನಿನ್ನ ಮಾವ ನಡುವೆ ಬಾಯಿ ಹಾಕುತ್ತಾನೆ.

ಮಾರ್ವೆಲ್ ಕಂಪನಿಯ ಕಾಮಿಕ್ಸ್‌ನ ಈ ಕಮಲಾ ಖಾನ್ ನಿನಗೆ ಏಕೆ ಅಷ್ಟು ಹತ್ತಿರ ಎಂಬುದು ನನಗೆ ಗೊತ್ತು. 2014ರಲ್ಲಿ ಅವಳದೇ ಪುಸ್ತಕ ಶುರುವಾದಾಗ ನೀನು ಹೈಸ್ಕೂಲು. ಮಾವ ಅಮೆರಿಕದ ಎಡಿಸನ್‌ನಿಂದ ಕಳಿಸಿದ ಆ ಮೊದಲ ಸಂಚಿಕೆಯನ್ನು ನೀನು ಶಾಲೆಗೆ ಹೋದ ಮೇಲೆ ನಾನೂ ಓದಿದ್ದೆ. ಅಂಗಡಿಯೊಂದರಲ್ಲಿ ತಾನು ತಿನ್ನುವಂತಿಲ್ಲದ ಹಂದಿಮಾಂಸದ ತಿಂಡಿಯ ಮೇಲೆ ಬಾಗಿ, ವಾಸನೆಯನ್ನಷ್ಟೇ ಎಳೆದುಕೊಂಡು ನಿಂತ ಹುಡುಗಿ. ಸಂಜೆ ಪಾರ್ಟಿಗೆ ಹೋಗಲು ಬಿಡದ ಅಪ್ಪ, ಅಮ್ಮ. ರಾತ್ರಿ ಕೂತು ಅವೆಂಜರ್ಸ್ ಎಂಬ ವೀರರ ತಂಡದ ಬಗ್ಗೆ ತನ್ನದೇ ಕಥೆ ಕಟ್ಟಿ ಬರೆಯುವ ಚಟ. ಮುಂದೆ ರೂಪ ಬದಲಿಸುವ ಶಕ್ತಿ ಬಂದಾಗಲೂ ತನ್ನ ಬುರ್ಕಿನಿಯನ್ನೇ (ಮೈಮುಚ್ಚುವ ಈಜುಡುಗೆಯನ್ನೇ) ತಿದ್ದಿ ವೇಷ ಮಾಡಿಕೊಂಡಳು. ಪಾಕಿಸ್ತಾನಿ ಮೂಲದ ಜರ್ಸಿ ಸಿಟಿಯ ಮನೆ ಅದು; ಆದರೂ ಉಡುಪಿಯ ನಮ್ಮ ಮನೆಯ ಊಟದ ಮೇಜಿನ ಜಗಳಗಳು ಅದರಲ್ಲಿ ಇದ್ದ ಹಾಗೇ ಇದ್ದವು. ನೀನು ಕೆಲಸಕ್ಕೆಂದು ಅದೇ ಜರ್ಸಿ ಸಿಟಿಗೆ ಹೋದದ್ದು ಕಾಕತಾಳೀಯ ಎಂದು ನಾನಂತೂ ನಂಬುವುದಿಲ್ಲ.

ಅಂಥವಳನ್ನು ಈ ಮೇ ತಿಂಗಳ ಕೊನೆಗೆ ಕೊಂದರು. ಎಲ್ಲಿ? ಸ್ಪೈಡರ್‌ಮ್ಯಾನ್ ಪುಸ್ತಕದ 26ನೇ ಸಂಚಿಕೆಯಲ್ಲಿ. ಅಲ್ಲಿ ಅವಳದು ಬಂದು ಹೋಗುವ ಪಾತ್ರ. ಸ್ಪೈಡರ್‌ಮ್ಯಾನ್‌ನ ಹಳೆಯ ಪ್ರೇಯಸಿ ಮೇರಿ ಜೇನ್‌ಳ ರೂಪ ತಾಳಿ, ಅವಳಿಗೆ ಬೀಳಬೇಕಿದ್ದ ಇರಿತಕ್ಕೆ ತಾನು ಎದೆಯೊಡ್ಡಿದಳು. ಸಾಯುವ ಹೊತ್ತಿಗೆ ಅವಳ ಅಮ್ಮ ಪಕ್ಕದಲ್ಲಿಲ್ಲ, ಗೆಳೆಯ ಬ್ರೂನೋ ಇಲ್ಲ. ಸುದ್ದಿ ಮೊದಲೇ ಸೋರಿಹೋಗಿತ್ತು. ಪುಸ್ತಕ ಅಂಗಡಿಗೆ ಬರುವ ಮುನ್ನವೇ ಮಾರ್ವೆಲ್ ತಾನಾಗಿ ಸಾವನ್ನು ಪ್ರಕಟಿಸಿ, ಜುಲೈಯಲ್ಲಿ ಶ್ರದ್ಧಾಂಜಲಿ ಸಂಚಿಕೆ ಬರಲಿದೆ ಎಂದೂ ಹೇಳಿತು. ಹೆಣ ಬೀಳುವ ಮೊದಲೇ ವೈಕುಂಠ ಸಮಾರಾಧನೆಯ ಆಮಂತ್ರಣ ಪತ್ರಿಕೆ! ಜುಲೈ ಮುಗಿಯುವುದರೊಳಗೆ ಎಕ್ಸ್‌ಮೆನ್ ಪುಸ್ತಕದಲ್ಲಿ ಅವಳು ಎದ್ದು ಕೂತಳು. ಅಲ್ಲಿ 2019ರಿಂದ ಸತ್ತವರನ್ನು ಬದುಕಿಸುವುದಕ್ಕೆ ಐವರು ಮ್ಯೂಟೆಂಟ್‌ಗಳ (ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರ) ತಂಡವೇ ಇದೆ, ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆದುಕೊಟ್ಟಷ್ಟು ಸಲೀಸಾಗಿ ಕೆಲಸ ನಡೆಯುತ್ತದೆ. ಎದ್ದವಳು ಈಗ ಮ್ಯೂಟೆಂಟ್. ಹೋದ ವರ್ಷದ ಟಿವಿ ಸರಣಿಯಲ್ಲಿ ಅವಳನ್ನು ಮ್ಯೂಟೆಂಟ್ ಎಂದು ಸೂಚಿಸಿದ್ದರು, ಬರುವ ನವೆಂಬರ್‌ನಲ್ಲಿ ಸಿನಿಮಾ ಇದೆ. ಪುಸ್ತಕದ ಕಮಲಾಳನ್ನು ಪರದೆಯ ಕಮಲಾಳಿಗೆ ಹೊಂದಿಸಲು ನಡುವೆ ಒಂದು ಸಾವು ಬೇಕಾಯಿತು, ಅಷ್ಟೆ.

ಮಾವನಿಗೆ ಅರ್ಥವಾಗದಿರುವುದು ಇದೇ. ಅವಳು ಎದ್ದು ಬಂದದ್ದರಿಂದಲೇ ನಿನಗೆ ಹೆಚ್ಚು ಉರಿದದ್ದು. ನೀನು ಅತ್ತದ್ದನ್ನು ಅವರು ಲೆಕ್ಕದ ಪುಸ್ತಕದಲ್ಲಿ ಒಂದು ಬಾಬತ್ತಾಗಿ ಮೊದಲೇ ಬರೆದಿಟ್ಟಿದ್ದರು. ಬ್ಯಾಂಕಿನಲ್ಲಿ ಕೂದಲು ಹಣ್ಣು ಮಾಡಿಕೊಂಡವಳು ನಾನು. ಅಂಥ ಬಾಬತ್ತು ಕಣ್ಣಿಗೆ ಬೀಳದೆ ಇರುವುದಿಲ್ಲ.

ನಿನ್ನ ಮಾವನ ಹತ್ತಿರವೇ ಇದರ ಸಾಕ್ಷಿ ಇದೆ, ಗೊದ್ರೇಜ್ ಬೀರುವಿನ ಮೇಲಿನ ಖಾನೆಯಲ್ಲಿ. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸತ್ತಾಗ ಅವನು ಅಮೆರಿಕದಲ್ಲೇ ಇದ್ದ, ಸಾಲಿನಲ್ಲಿ ನಿಂತು ಎರಡು ಪ್ರತಿ ಕೊಂಡ. 75ನೇ ಸಂಚಿಕೆ. ಕಪ್ಪು ಪ್ಲಾಸ್ಟಿಕ್ ಚೀಲ, ಅದರ ಮೇಲೆ ರಕ್ತ ಒಸರುವ ಎಸ್ ಗುರುತು. ಒಂದನ್ನು ಒಡೆದು ಓದಿದ, ಇನ್ನೊಂದನ್ನು ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆಂದು ಹಾಗೇ ಇಟ್ಟ. ಒಡೆದ ಚೀಲದೊಳಗಿನದನ್ನು ನಾನು ಹರಡಿಕೊಂಡು ನೋಡಿದ್ದೇನೆ: ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ, ಕಥೆಯೊಳಗಿನ ಡೈಲಿ ಪ್ಲಾನೆಟ್ ಪತ್ರಿಕೆಯ ನಿಧನ ವಾರ್ತೆಯ ತುಣುಕು, ಅಂಟಿಸುವ ಸ್ಟಾಂಪುಗಳು, ಒಂದು ಪೋಸ್ಟರ್, ಒಂದು ಕಾರ್ಡು. ದುಃಖಿಸಲು ಬೇಕಾದ ಸಕಲ ಸಾಮಗ್ರಿ ಒಂದೇ ಪೊಟ್ಟಣದಲ್ಲಿ.

ಕಥೆಯ ಕಟ್ಟೋಣ ಮಾತ್ರ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಕೊನೆಯ ನಾಲ್ಕು ಸಂಚಿಕೆಗಳಲ್ಲಿ ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚಿತ್ರ, ಮುಂದಿನದರಲ್ಲಿ ಮೂರು, ಆಮೇಲೆ ಎರಡು, ಕೊನೆಯದರಲ್ಲಿ ಪುಟಕ್ಕೊಂದೇ ಚಿತ್ರ. ಡೂಮ್ಸ್‌ಡೇ ಎಂಬ ರಾಕ್ಷಸ ಹೊಡೆಯುವ ಪ್ರತಿ ಏಟೂ ಒಂದಿಡೀ ಪುಟ. ಡ್ಯಾನ್ ಜರ್ಗೆನ್ಸ್ ಬರೆದು ಚಿತ್ರಿಸಿದ್ದು ಆ ಕೊನೆಯ ಸಂಚಿಕೆ. ಕೊಲ್ಲುವ ಯೋಚನೆ ಹುಟ್ಟಿದ್ದು ಹೇಗೆ ಗೊತ್ತೇ? ಆ ವರ್ಷ ಕ್ಲಾರ್ಕ್ (ಅಂದರೆ ಸೂಪರ್‌ಮ್ಯಾನ್) ಮತ್ತು ಅವನ ಪ್ರೇಯಸಿ ಲೋಯಿಸ್‌ಗೆ ಮದುವೆ ಮಾಡಿಸಬೇಕೆಂದು ಬರಹಗಾರರು ಸಿದ್ಧತೆ ಮಾಡಿಕೊಂಡಿದ್ದರು. ಅಷ್ಟರಲ್ಲಿ ಅದೇ ಜೋಡಿಯ ಟಿವಿ ಧಾರಾವಾಹಿ ಬರುವುದಿತ್ತು, ಮದುವೆ ಆಗ ಬೇಡ ಎಂಬ ಅಪ್ಪಣೆಯಾಯಿತು. ಖಾಲಿ ಬಿದ್ದ ಜಾಗಕ್ಕೆ ಏನು ಹಾಕುವುದೆಂಬ ಚರ್ಚೆಯಲ್ಲಿ ಅವರಲ್ಲೊಬ್ಬರಾದ ಜೆರ್ರಿ ಆರ್ಡ್ವೇ, ಯಾವಾಗಲೂ ಹೇಳುವ ಹಾಗೆ, ಅವನನ್ನು ಕೊಂದೇಬಿಡೋಣ ಎಂದು ತಮಾಷೆ ಮಾಡಿದರು. ಈ ಸಲ ಯಾರೂ ನಗಲಿಲ್ಲ. ಮದುವೆ ಮುಂದಕ್ಕೆ ಹೋಗಿದ್ದಕ್ಕೆ ಮದುಮಗನ ಉತ್ತರಕ್ರಿಯೆ! 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. 1993ರಲ್ಲೇ ಉದ್ದ ಕೂದಲು ಬಿಟ್ಟುಕೊಂಡು ಸೂಪರ್‌ಮ್ಯಾನ್ ಮರಳಿದ. 1996ರಲ್ಲಿ ಟಿವಿಯಲ್ಲೂ ಪುಸ್ತಕದಲ್ಲೂ ಒಂದೇ ವಾರ ಮದುವೆಯಾಯಿತು.

ಮಾವನ ಒಡೆಯದ ಚೀಲವನ್ನು ಇಂದು ಮಾರಿದರೆ ಇಬ್ಬರ ಹೋಟೆಲ್ ಊಟಕ್ಕೆ ಸಾಕಾದೀತು. ಲಕ್ಷಾಂತರ ಜನ ಅವನಂತೆಯೇ ಕಾದಿಟ್ಟ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? 1938ರ ಸೂಪರ್‌ಮ್ಯಾನ್‌ನ ಮೊದಲ ಪುಸ್ತಕ 2021ರಲ್ಲಿ 32 ಲಕ್ಷ ಡಾಲರಿಗೂ ಮೇಲೆ ಹೋಯಿತೆಂದರೆ, ಹತ್ತು ಸೆಂಟಿಗೆ ಕೊಂಡ ಮಕ್ಕಳು ಓದಿ, ಹರಿದು, ಎಸೆದು ಈಗ ಕೆಲವೇ ಪ್ರತಿ ಉಳಿದಿವೆ ಎಂಬ ಕಾರಣಕ್ಕೆ. ಸಂಗ್ರಹಕ್ಕೆಂದೇ ಅಚ್ಚು ಹಾಕಿದ್ದನ್ನು ಕೊಂಡ ಗುಂಪು ಕೆಲವೇ ವರ್ಷಗಳಲ್ಲಿ ಕೈತೊಳೆದುಕೊಂಡಿತು, ಅಂಗಡಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಆ ಪಾಠ ಯಾರಿಗೂ ನೆನಪಿದ್ದಂತಿಲ್ಲ. 2007ರಲ್ಲಿ ಕ್ಯಾಪ್ಟನ್ ಅಮೆರಿಕಾ, 2011ರಲ್ಲಿ ಹ್ಯೂಮನ್ ಟಾರ್ಚ್ (ಮತ್ತೆ ಚೀಲ!), 2014ರಲ್ಲಿ ವುಲ್ವರಿನ್. ಎಲ್ಲರೂ ಹೋದರು, ಎಲ್ಲರೂ ಬಂದರು.

ಓದುಗರ ಕೈಯಲ್ಲೇ ಕೊಲ್ಲಿಸಿದ ಪ್ರಕರಣವೂ ಒಂದಿದೆ. ಬ್ಯಾಟ್‌ಮ್ಯಾನ್‌ನ ಜೊತೆಗಾರ, ಎರಡನೆಯ ರಾಬಿನ್, ಜೇಸನ್ ಟಾಡ್. 1988ರಲ್ಲಿ ಖಳನಾಯಕ ಜೋಕರ್ ಅವನನ್ನು ಕಬ್ಬಿಣದ ಹಾರೆಯಿಂದ ಬಡಿದು, ಬಾಂಬಿನ ಜೊತೆ ಕೂಡಿಹಾಕುತ್ತಾನೆ. ಸಂಚಿಕೆ ಸ್ಫೋಟದಲ್ಲಿ ಮುಗಿಯುತ್ತದೆ. ಹಿಂದೆಯೇ ಎರಡು ದೂರವಾಣಿ ಸಂಖ್ಯೆಗಳು: ಬದುಕಬೇಕೆಂದರೆ ಇದು, ಸಾಯಬೇಕೆಂದರೆ ಇದು, ಕರೆಗೆ 50 ಸೆಂಟು. 36 ಗಂಟೆಗಳಲ್ಲಿ ಸಾವಿಗೆ 5,343 ಮತ, ಬದುಕಿಗೆ 5,271. ವ್ಯತ್ಯಾಸ 72. ಒಬ್ಬನೇ ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಿತ್ತು. ಎರಡೂ ಕಥೆ ತಯಾರಿದ್ದವು, ಬ್ಯಾಟ್‌ಮ್ಯಾನ್ ಹೆಣ ಎತ್ತಿಕೊಂಡು ಬರುವ ಪುಟಗಳು ಅಚ್ಚಿಗೆ ಹೋದವು. ಅದನ್ನು ಬರೆದವರು ಜಿಮ್ ಸ್ಟಾರ್ಲಿನ್.

ಪುಟ್ಟಿ, ಅದೇ ಸ್ಟಾರ್ಲಿನ್ 1982ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಎಂಬ ವೀರನನ್ನೂ ಸಾಯಿಸಿದ್ದರು. ನಿನ್ನ ಕೋಣೆಯಲ್ಲಿ ನಾನು ಇಬ್ಬಗೆಯಿಲ್ಲದೆ ಮೆಚ್ಚಿದ ಪುಸ್ತಕ ಅದೊಂದೇ. ಹಳೆಯ ಹೋರಾಟವೊಂದರಲ್ಲಿ ಉಸಿರಿಗೆ ಹೋದ ವಿಷಾನಿಲದಿಂದ ಅವನಿಗೆ ಕ್ಯಾನ್ಸರ್. ತಮ್ಮ ತಂದೆಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದರು ಸ್ಟಾರ್ಲಿನ್. ಪ್ರತಿ ಪುಟದಲ್ಲೂ ಅದು ಗೊತ್ತಾಗುತ್ತದೆ. ಹೊಡೆದಾಟದಲ್ಲಿ ಸಾಯುವುದಿಲ್ಲ ಅವನು, ಹಾಸಿಗೆಯಲ್ಲಿ ದಿನದಿನಕ್ಕೆ ಕರಗುತ್ತಾನೆ. ಗ್ರಹಗಳನ್ನೇ ಉಳಿಸಿದ ಬುದ್ಧಿವಂತರೆಲ್ಲ ಸೇರಿ ಔಷಧ ಹುಡುಕಲು ಹೊರಟು ಬರಿಗೈಯಲ್ಲಿ ನಿಲ್ಲುತ್ತಾರೆ. ಇಷ್ಟು ವರ್ಷ ಇದಕ್ಕೊಂದು ಮದ್ದು ಕಂಡುಹಿಡಿಯದೆ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ಅವನ ಗೆಳೆಯ ರಿಕ್ ಜೋನ್ಸ್ ಅವರ ಮೇಲೆ ರೇಗುತ್ತಾನೆ. ಜನ್ಮವಿಡೀ ಎದುರು ನಿಂತ, ಅನ್ಯಗ್ರಹದ ಸ್ಕ್ರಲ್ ಜನಾಂಗದ ಸೇನಾಪತಿಯೊಬ್ಬ ಬಂದು ಹಾಸಿಗೆಯ ಪಕ್ಕ ಗೌರವಪದಕ ಇಟ್ಟು ಹೋಗುವ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಿನ್ನ ಅಜ್ಜನ ಕೊನೆಯ ದಿನಗಳಲ್ಲಿ, ಗಡಿ ತಕರಾರಿನಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪಕ್ಕದ ಮನೆಯವರು ಬಂದು ಜಗಲಿಯಲ್ಲಿ ಕೂತು ಹೋದದ್ದು ನೆನಪಾಯಿತು.

ಒಬ್ಬರೇ ಬರಹಗಾರ, ಎರಡು ಸಾವು. ಒಂದು ಅವನದೇ ಕಥೆಗೆ ಬೇಕಾಗಿ ಬಂದದ್ದು, ಇನ್ನೊಂದು ಐವತ್ತು ಸೆಂಟಿನ ಕರೆಗೆ ಬಂದದ್ದು. ಕಮಲಾಳ ಸಾವನ್ನು ಈ ಎರಡರ ನಡುವೆ ಇಟ್ಟು ನೋಡು, ನಿನಗೆ ಏನು ಚುಚ್ಚಿತೆಂದು ತಿಳಿಯುತ್ತದೆ. ಅವಳ ಅಮ್ಮ, ಮಸೀದಿ, ಗೆಳೆಯರು, ಯಾರಿಗೂ ಸಂಬಂಧವಿಲ್ಲದ ಜಾಗದಲ್ಲಿ, ಬೇರೊಬ್ಬ ನಾಯಕ ಅಳಲಿ ಎಂದು ಅವಳನ್ನು ಬಳಸಿಕೊಂಡರು. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ಬೀಳಿಸಿದಾಗಿನಿಂದ ನಡೆದು ಬಂದ ಪದ್ಧತಿ ಇದು. ಅಲ್ಲಿ ಅವಳ ಕತ್ತಿನ ಬಳಿ "ಸ್ನ್ಯಾಪ್" ಎಂದು ಪುಟ್ಟದಾಗಿ ಬರೆದದ್ದು ಈಗಲೂ ಎದೆ ನಡುಗಿಸುತ್ತದೆ. (ಮಾತಿನಲ್ಲಿ ನಿಮ್ಮ ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿ ಬ್ರೂಕ್ಲಿನ್ ಸೇತುವೆ ಎಂದು ನೀನೂ ಮಾವನೂ ವಾದಿಸಿದ್ದು ನೆನಪಿದೆ. ನನ್ನ ಮತ ಬ್ರೂಕ್ಲಿನ್‌ಗೆ.) ಆಗಲೂ ಓದುಗರು ಕೆರಳಿದರು. ಎರಡೇ ವರ್ಷದಲ್ಲಿ ಗ್ವೆನ್‌ಳ ತದ್ರೂಪಿಯನ್ನು ತಂದು ನಿಲ್ಲಿಸಿದರು. ಸಮಾಧಾನವಾಯಿತೇ? ಅದೂ ಇಲ್ಲ.

ಹಾಗಾದರೆ ಸಾವನ್ನು ಉಳಿಸಿಕೊಳ್ಳುವ ಧೈರ್ಯ ಇವರಿಗೆ ಏಕಿಲ್ಲ? ಪಾತ್ರ ಬರೆದವರ ಸ್ವತ್ತಲ್ಲ, ಅದಕ್ಕೆ. ಸೀಗಲ್ ಮತ್ತು ಶುಸ್ಟರ್ ತಾವೇ ಸೃಷ್ಟಿಸಿದ ಸೂಪರ್‌ಮ್ಯಾನ್‌ನನ್ನು 130 ಡಾಲರಿಗೆ ಬರೆದುಕೊಟ್ಟ ದಿನದಿಂದ ಈ ವೀರರೆಲ್ಲ ಕಂಪನಿಯ ಆಸ್ತಿ. ಆಟಿಕೆ, ಅಂಗಿ, ಸಿನಿಮಾ ಎಲ್ಲಕ್ಕೂ ಆ ಮುಖ ಬೇಕು. ಕ್ಯಾಪ್ಟನ್ ಅಮೆರಿಕಾನ ಜೊತೆಗಾರ ಬಕಿ, ಜೇಸನ್ ಟಾಡ್ ಮತ್ತು ಸ್ಪೈಡರ್‌ಮ್ಯಾನ್‌ನ ಅಂಕಲ್ ಬೆನ್, ಈ ಮೂವರನ್ನು ಬಿಟ್ಟರೆ ಯಾರೂ ಸತ್ತೇ ಉಳಿಯುವುದಿಲ್ಲ ಎಂದು ಓದುಗರು ಹಿಂದೆ ತಮಾಷೆ ಮಾಡುತ್ತಿದ್ದರಂತೆ. 2005ರಲ್ಲಿ ಮೊದಲಿಬ್ಬರೂ ಎದ್ದು ಬಂದರು. ಬೆನ್ ಮಾತ್ರ ಮಲಗಿದ್ದಾನೆ, ಪಾಪ, ಅವನು ಎದ್ದರೆ, ಅವನ ಸಾವಿನ ಪಶ್ಚಾತ್ತಾಪದಿಂದಲೇ ವೀರನಾದ ಸ್ಪೈಡರ್‌ಮ್ಯಾನ್‌ಗೆ ಕೆಲಸವಿಲ್ಲ.

ನಾವು ಕುಂದಾಪುರದ ಗದ್ದೆಗಳಲ್ಲಿ ಬಯಲಾಟ ನೋಡಿ ಬೆಳೆದವರು. ಅಭಿಮನ್ಯು ಇವತ್ತು ಸತ್ತರೆ ನಾಳೆ ಪಕ್ಕದ ಊರಿನ ಆಟದಲ್ಲಿ ಮತ್ತೆ ಕುಣಿಯುತ್ತಾ ರಂಗಕ್ಕೆ ಬರುತ್ತಾನೆ, ನಾವು ಮತ್ತೆ ಅಳುತ್ತೇವೆ. ಅಲ್ಲಿ ಮೋಸವಿಲ್ಲ, ಏಕೆಂದರೆ ಬೆಳಗಿನ ಜಾವ ಭಾಗವತರು ಮಂಗಳ ಹಾಡುತ್ತಾರೆ. ಆ ರಾತ್ರಿಯ ಮಟ್ಟಿಗೆ ಸತ್ತವನು ಸತ್ತ. ನಿನ್ನ ಪುಸ್ತಕಗಳಿಗೆ ಮಂಗಳವೇ ಇಲ್ಲ. ಎಂಬತ್ತೈದು ವರ್ಷದಿಂದ ಒಂದೇ ಆಟ ನಡೆಯುತ್ತಿದೆ, ಜನ ಎದ್ದು ಹೋಗಬಾರದೆಂದು ನಡುನಡುವೆ ಒಬ್ಬೊಬ್ಬರನ್ನು ಕೊಲ್ಲುತ್ತಾರೆ. ನಾನು ಚಿಕ್ಕಂದಿನಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಓದುತ್ತಿದ್ದ ಫ್ಯಾಂಟಮ್ ಈ ತೊಡಕನ್ನು ಜಾಣತನದಿಂದ ಬಿಡಿಸಿಕೊಂಡಿದ್ದ: ಅಪ್ಪ ಸಾಯುತ್ತಾನೆ, ಮಗ ಅದೇ ಮುಸುಕು ಹಾಕಿಕೊಳ್ಳುತ್ತಾನೆ, ಇವನು 21ನೆಯವನು. ಆದರೆ ಕಂಪನಿಗಳು ಉತ್ತರಾಧಿಕಾರಿಯನ್ನು ತಂದರೂ ಹಳಬನನ್ನು ಕರೆಸದೆ ಬಿಡುವುದಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. 2012ರ ಕೊನೆಗೆ ಸ್ಪೈಡರ್‌ಮ್ಯಾನ್ ಪುಸ್ತಕದ 700ನೇ ಸಂಚಿಕೆಯಲ್ಲಿ ಪೀಟರ್ ಪಾರ್ಕರ್‌ನನ್ನು (ಅವನೇ ಸ್ಪೈಡರ್‌ಮ್ಯಾನ್) ಸಾಯಿಸಿ ಅವನ ದೇಹಕ್ಕೆ ಶತ್ರು ಡಾಕ್ಟರ್ ಆಕ್ಟೋಪಸ್‌ನ ಮನಸ್ಸು ತುಂಬಿದ ಡ್ಯಾನ್ ಸ್ಲಾಟ್‌ಗೆ ಜೀವ ಬೆದರಿಕೆಗಳು ಬಂದವು. 2014ರಲ್ಲಿ, ಹೊಸ ಸಿನಿಮಾದ ಹೊತ್ತಿಗೆ ಸರಿಯಾಗಿ, ಪೀಟರ್ ಮರಳಿದ. ಬೆದರಿಸಿದವರಲ್ಲಿ ಯಾರಾದರೂ ಕ್ಷಮೆ ಕೇಳಿದರೋ ಇಲ್ಲವೋ. ಕಾಗದದ ಮನುಷ್ಯನಿಗಾಗಿ ಜೀವಂತ ಮನುಷ್ಯನನ್ನು ಬೆದರಿಸುವವರ ಜೊತೆ ನಿನ್ನ ಹೆಸರು ಎಲ್ಲಿಯೂ ಕಾಣಬಾರದು. ನಿನ್ನ ಗುಂಪಿನಲ್ಲಿ ಯಾರಾದರೂ ಅಂಥ ಮಾತಾಡಿದರೆ ಅಲ್ಲಿಂದ ಎದ್ದು ಬಾ. ಮೇಲಿನವರು ತೀರ್ಮಾನ ಮಾಡಿರುತ್ತಾರೆ, ಬೈಗುಳ ತಿನ್ನುವವನು ಬರೆದವನು.

ಇನ್ನು ಆ ಪಟ್ಟಿಯ ವಿಷಯ. ಎಲ್ಲವನ್ನೂ ಒಮ್ಮೆಲೇ ರದ್ದು ಮಾಡಬೇಡ. ಅಂಗಡಿಯವನು ನಿನ್ನ ಹೆಸರು ನೋಡಿ ತಿಂಗಳುಗಳ ಮೊದಲೇ ಆರ್ಡರ್ ಹಾಕಿರುತ್ತಾನೆ, ಮಾರಾಟವಾಗದ ಪ್ರತಿಯನ್ನು ವಾಪಸು ಕಳಿಸುವ ಅವಕಾಶ ಅವರ ವ್ಯಾಪಾರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿಯ ಮೇಲಿನ ಸಿಟ್ಟು ಅವನ ತಲೆಗೆ ಬೀಳುತ್ತದೆ. ಈಗಾಗಲೇ ತರಿಸಿಟ್ಟದ್ದಕ್ಕೆ ದುಡ್ಡು ಕೊಟ್ಟು ತೆಗೆದುಕೊ, ಮುಂದಿನ ತಿಂಗಳಿಂದ ಸ್ಪೈಡರ್‌ಮ್ಯಾನ್ ಬೇಡ ಎಂದು ಹೇಳಿ ಬಾ. ಕಮಲಾಳ ಹೊಸ ಪುಸ್ತಕವನ್ನು, ಪರದೆಯಲ್ಲಿ ಅವಳ ಪಾತ್ರ ಮಾಡುವ ಇಮಾನ್ ವೆಲಾನಿಯೂ ಸೇರಿ ಬರೆಯುತ್ತಿದ್ದಾಳೆ ಎಂದು ನೀನೇ ಹೇಳಿದೆ. ಆ ಹುಡುಗಿ ಕಮಲಾಳನ್ನು ಓದುತ್ತಾ ಬೆಳೆದವಳು. ಅವಳಿಗೆ ಎರಡು ಮೂರು ಸಂಚಿಕೆಯ ಅವಕಾಶ ಕೊಡಬಾರದೇ?

ಡಿಸೆಂಬರಿನಲ್ಲಿ ಬರುವಾಗ ಆ 1982ರ ಕ್ಯಾಪ್ಟನ್ ಮಾರ್ವೆಲ್ ಪುಸ್ತಕ ತಾ. ಮಾವನಿಗೆ ಓದಿಸಬೇಕು. ಕನ್ನಡಕ ಬದಲಾಯಿಸಿದ್ದೇನೆ, ಅಕ್ಷರ ಸಣ್ಣದಿದೆ ಎಂಬ ನೆಪ ಈಗ ಅವನಿಗೂ ಇಲ್ಲ, ಇಬ್ಬರದೂ ಒಂದೇ ನಂಬರು.

ಪ್ರೀತಿಯಿಂದ,
ಅಮ್ಮ