84 ಚಿತ್ರ, 19 ಅಡಿಕೆ

ಸಾಗರ, ಭಾನುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ವಾರವಾಯಿತು. ಈಗ ಗೋಡೆಯ ಬಿರುಕುಗಳೆಲ್ಲ ಸ್ಪಷ್ಟವಾಗಿ ಕಾಣತೊಡಗಿ ದಿನಕ್ಕೊಂದು ತಕರಾರು ಶುರುವಾಗಿದೆ.

ನಿನ್ನ ಫೋಟೋಗಳನ್ನೆಲ್ಲ ಒಂದೆಡೆ ಸೇರಿಸಿ ಇಂಟರ್ನೆಟ್ಟಿಗೆ ಹಾಕಿ, ‘ಹೇಗಿದೆ, ನಿಜ ಹೇಳಿ’ ಎಂದು ಕೇಳಿದ್ದೆಯಲ್ಲ, ಅಪ್ಪ ಅರ್ಧ ಗಂಟೆಯೊಳಗೆ ‘ತುಂಬಾ ಚೆನ್ನಾಗಿದೆ ಮಗಳೇ’ ಎಂದು ಉತ್ತರ ಕಳುಹಿಸಿಬಿಟ್ಟರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡ. 1981ರಿಂದ 2012ರವರೆಗೆ ಸ್ಟುಡಿಯೋ ನಡೆಸಿದ ಮನುಷ್ಯ ಅವರು. ಕಣ್ಣು ಮುಚ್ಚಿಕೊಂಡ ಮದುಮಗನ ಫೋಟೋವನ್ನೂ ‘ಬಹಳ ಚೆನ್ನಾಗಿ ಬಂದಿದೆ’ ಎಂದೇ ಹೇಳಿ ಕವರಿಗೆ ಹಾಕಿ ಕೊಟ್ಟವರು. ಅವರ ಬಾಯಲ್ಲಿ ಬೇರೆ ಮಾತು ಹೊರಡುವುದಿಲ್ಲ. ಮಗಳ ವಿಷಯದಲ್ಲಂತೂ ಕೇಳುವುದೇ ಬೇಡ.

ನಾನು ಕ್ಯಾಮೆರಾ ಹಿಡಿದವಳಲ್ಲ, ಕತ್ತರಿ ಮತ್ತು ಪೆನ್ಸಿಲ್ ಹಿಡಿದವಳು. ಪ್ರಿಂಟುಗಳ ಅಂಚು ಕತ್ತರಿಸಿದ್ದು, ನೆಗೆಟಿವ್ ಟಚ್ ಮಾಡಿದ್ದು, ಕೌಂಟರಿನಲ್ಲಿ ಕುಳಿತು ದುಡ್ಡು ಎಣಿಸಿಕೊಂಡದ್ದು ನಾನು. ತಮ್ಮ ಫೋಟೋವನ್ನು ಕವರಿನಿಂದ ಹೊರಗೆಳೆದು ಮೊದಲ ಸಲ ನೋಡುವಾಗ ಜನರ ಮುಖ ಹೇಗಾಗುತ್ತದೆ ಎಂಬುದನ್ನು ಮೂವತ್ತು ವರ್ಷ ಎದುರಿಗೇ ಕುಳಿತು ನೋಡಿದ್ದೇನೆ. ನಿನಗೆ ಬೇಕಾದ ವಿಮರ್ಶಕಿ ನಾನೇ ಎಂದುಕೊಂಡು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕಾರಣವೂ ಇದೆ.

ಮೊಬೈಲಿನಲ್ಲಿ ನೋಡಲು ಕುಳಿತೆ. ಒಂದೊಂದು ಚಿತ್ರವೂ ನಾಲ್ಕು ಸೆಕೆಂಡು ನಿಂತು ತಾನೇ ಜಾರಿಹೋಗುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ಯಾರದೋ ಮದುವೆ ಮನೆ ನೋಡಿದ ಹಾಗೆ. ಹಿಂದೆ ಸಂಗೀತ ಬೇರೆ. ಅವೆರಡನ್ನೂ ಮೊದಲು ತೆಗೆದುಹಾಕು. ನೋಡುವವರು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಅವರಿಗೇ ಬಿಡು. ಚಿತ್ರದ ನಡುಮಧ್ಯೆ ನಿನ್ನ ಹೆಸರನ್ನು ಓರೆಯಾಗಿ, ಬೆಳ್ಳಗೆ ಬರೆದಿದ್ದೀಯ. ಯಾರಾದರೂ ಕದ್ದಾರೆಂಬ ಭಯವಿರಬಹುದು. ನಮ್ಮ ಸ್ಟುಡಿಯೋದಲ್ಲೂ ಮೊಹರು ಇತ್ತು, ಆದರೆ ಅದು ಬೀಳುತ್ತಿದ್ದದ್ದು ಫೋಟೋದ ಬೆನ್ನಿಗೆ.

ಆಮೇಲೆ ನಮ್ಮ ಹಳೆಯ ಹುಡುಗನ ಲ್ಯಾಬಿಗೆ ಹೋಗಿ ಅಷ್ಟನ್ನೂ ನಾಲ್ಕು-ಆರು ಸೈಜಿನಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಎಣಿಸಿದರೆ 84. ಜಗಲಿಯ ಮೇಲೆ ಸಾಲಾಗಿ ಹಾಸಿದೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಒಂದೊಂದರ ಮೇಲೂ ಒಂದೊಂದು ಅಡಿಕೆ ಇಟ್ಟೆ. ಎರಡು ದಿನ ಅವು ಅಲ್ಲೇ ಇದ್ದವು. ಹಾಲಿನವನು ನೋಡಿದ, ಪಕ್ಕದ ಮನೆಯವರು ನೋಡಿದರು, ಅಜ್ಜಿ ಕೋಲೂರಿಕೊಂಡು ಬಂದು ನೋಡಿದರು. ಬೇಡವೆನಿಸಿದ ಚಿತ್ರದ ಮೇಲಿನ ಅಡಿಕೆಯನ್ನು ತೆಗೆದು ಬುಟ್ಟಿಗೆ ಹಾಕುತ್ತಾ ಬಂದೆ.

ಮೊದಲು ಹೋದದ್ದು ಹಂಪಿ. ಒಂಬತ್ತು ಚಿತ್ರ. ಬೇಸರಪಡಬೇಡ. ಆ ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೇ ಇದೆ, ಎಲ್ಲರ ಜೇಬಿನಲ್ಲೂ ಒಂದು ಪ್ರತಿ ಇರುತ್ತದೆ. ನೋಟಿಗಿಂತ ಹೆಚ್ಚಿನದೇನೂ ನಿನ್ನ ಚಿತ್ರದಲ್ಲಿ ನನಗೆ ಕಾಣಲಿಲ್ಲ. ಆಕಾಶ ಮಾತ್ರ ನೋಟಿಗಿಂತ ನೇರಳೆ. ಅಷ್ಟು ನೇರಳೆ ಆಕಾಶವನ್ನು ಹಂಪಿಯವರೂ ಕಂಡಿರಲಾರರು. ರಥದ ನೆರಳಿನಲ್ಲಿ ಚಪ್ಪಲಿ ಕಳಚಿಟ್ಟು ಮಲಗಿರುವ ಕಾವಲುಗಾರನ ಚಿತ್ರವೊಂದನ್ನು ಉಳಿಸಿದ್ದೇನೆ.

ಹಕ್ಕಿಗಳಲ್ಲಿ ಆರು ಉಳಿದವು. ಪಿಕಳಾರದ ಗೂಡಿನ ಚಿತ್ರದ ಬಗ್ಗೆ ಒಂದು ಪ್ರಶ್ನೆ: ಗೂಡಿನ ಮೇಲಿದ್ದ ಎಲೆಗಳನ್ನು ಸರಿಸಿದವರು ಯಾರು? ನೀನಾದರೆ ಆ ಚಿತ್ರವನ್ನು ಅಳಿಸು. ನೀನಲ್ಲದಿದ್ದರೂ ಅಳಿಸು. ಎಲೆ ಸರಿದ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ ಎಂಬುದು ಹಿತ್ತಲಿರುವವರಿಗೆಲ್ಲ ಗೊತ್ತು. ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಅಜ್ಜಿಯ ಮುಖ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು.

ಕಪ್ಪು-ಬಿಳುಪಿಗೆ ಬದಲಾಯಿಸಿ, ಕಂಪ್ಯೂಟರಿನಲ್ಲಿ ಏನನ್ನೋ ಜಗ್ಗಿ, ಸುಕ್ಕುಗಳನ್ನೆಲ್ಲ ಎದ್ದು ಕಾಣುವಂತೆ ಮಾಡಿದ್ದೀಯ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯ ತಳದಂತಿದೆ. ನಿನ್ನ ಫೋಟೋಗ್ರಫಿ ಕ್ಲಬ್ಬಿನವರು ಅದಕ್ಕೇ ಹೆಚ್ಚು ಮೆಚ್ಚುಗೆ ಕೊಟ್ಟರೆಂದು ಹೇಳಿದೆ. ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, ‘ಇದು ಯಾರೇ, ನಿನ್ನ ಕಡೆಯವರಾ?’ ಎಂದು ನನ್ನನ್ನು ಕೇಳಿದರು.

ನಾನು ಮಾಡುತ್ತಿದ್ದದ್ದು ಇದರ ತಿರುಗುಮುರುಗು ಕೆಲಸ. ಕೆಳಗೆ ಕನ್ನಡಿ, ಮೇಲೆ ಮಸುಕು ಗಾಜು ಇದ್ದ ಪುಟ್ಟ ಓರೆ ಡೆಸ್ಕು ನಿನಗೆ ನೆನಪಿರಬೇಕು, ನೀನು ಅದರ ಮೇಲೆ ಬಣ್ಣ ಹಚ್ಚುತ್ತಿದ್ದೆ. ನೆಗೆಟಿವ್ ಮೇಲೆ ಒಂದು ಹನಿ ಮೀಡಿಯಂ, ಅಂದರೆ ಪೆನ್ಸಿಲ್ ಹಿಡಿಯುವಂತೆ ಮಾಡುವ ದ್ರವ, ಸವರಿ, ಮರಳು ಕಾಗದದ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆಯಾಗಿ ತುಂಬುತ್ತಾ ಹೋಗುವುದು. ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವ ಮಚ್ಚೆ, ಸುಕ್ಕು, ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತವೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಅವು ಮಾಯ. ಒಬ್ಬ ಹಿರಿಯರು ಬಂದಿದ್ದರು, ಮುಖದ ತುಂಬ ಸಿಡುಬಿನ ಕಲೆ. ನಾನು ಹೊಸ ಹುರುಪಿನಲ್ಲಿ ಅಷ್ಟನ್ನೂ ಮುಚ್ಚಿಬಿಟ್ಟೆ. ಅವರು ನೋಡಿ ನಕ್ಕು, ‘ನನ್ನ ತಮ್ಮನದಿರಬೇಕು’ ಎಂದು ದುಡ್ಡು ಕೊಟ್ಟು ಹೋದರು. ಮೂರು ವರ್ಷದ ಮೇಲೆ ಅವರ ಮಗ ಬಂದ. ತಂದೆ ತೀರಿಕೊಂಡಿದ್ದರು, ಗೋಡೆಗೆ ಹಾಕಲು ದೊಡ್ಡ ಪ್ರತಿ ಬೇಕಿತ್ತು. ಮಾಡಿಕೊಟ್ಟೆವು. ಮರುದಿನ ಆ ತಾಯಿ ತಾವೇ ಬಂದರು. ಕಟ್ಟು ಹಾಕಿಸಿದ ಫೋಟೋವನ್ನು ಕೌಂಟರ್ ಮೇಲಿಟ್ಟು, ‘ಇವರಲ್ಲ’ ಎಂದರು, ಅಷ್ಟೇ. ಅಂದು ರಾತ್ರಿ ಹತ್ತಿಗೆ ಟರ್ಪೆಂಟೈನ್ ಅದ್ದಿ ನೆಗೆಟಿವ್ ಒರೆಸಿದೆ. ಪೆನ್ಸಿಲ್ ಕರಗಿತು. ಡಾರ್ಕ್ ರೂಮಿನ ಕೆಂಪು ಬೆಳಕಿನಲ್ಲಿ, ಟ್ರೇಯಲ್ಲಿ ಅದ್ದಿದ ಕಾಗದದ ಮೇಲೆ ಕಲೆಗಳು ಒಂದೊಂದಾಗಿ ಮೂಡಿ ಬಂದವು.

ನಾನು ಮುಚ್ಚಿದೆ, ನೀನು ಕೆತ್ತಿದೆ. ಎರಡರಲ್ಲೂ ಮುಖದ ಒಡೆಯರನ್ನು ಯಾರೂ ಕೇಳಲಿಲ್ಲ. ಅಪ್ಪನ ಕಪಾಟಿನಲ್ಲಿ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಿವೆ, ಮುಂದಿನ ಸಲ ಬಂದಾಗ ತೆಗೆದು ನೋಡು. ಅಲ್ಲಿ ಮೊದಲು ಮನುಷ್ಯರು ಕಾಣುತ್ತಾರೆ, ತೆಗೆದವರ ಕೈಚಳಕ ಬಹಳ ಹೊತ್ತಿನ ಮೇಲೆ ಕಾಣುತ್ತದೆ. ಅಜ್ಜಿಯ ಮೂಲ ಬಣ್ಣದ ಚಿತ್ರ ನಿನ್ನಲ್ಲಿರಬೇಕಲ್ಲ, ಅದನ್ನು ಕಳುಹಿಸು.

ಈಗ ಮಾರುಕಟ್ಟೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನದೇ ಹನ್ನೊಂದು ಚಿತ್ರಗಳಿವೆ. ಮೇಲಿನ ಮಹಡಿಯ ಕಟಕಟೆಯಿಂದ ಕೆಳಗಿನ ಸೇವಂತಿಗೆ ರಾಶಿಗಳನ್ನು ತೆಗೆದದ್ದೇ ಎಂಟು. ಚಂದವೇನೋ ಹೌದು. ಆದರೆ ಕ್ಯಾಮೆರಾ ಕೊಂಡ ಬೆಂಗಳೂರಿಗರೆಲ್ಲ ಬೆಳಗಿನ ಜಾವ ಅದೇ ಕಟಕಟೆಗೆ ಆನಿಕೊಂಡು ಅದನ್ನೇ ತೆಗೆಯುತ್ತಾರೆಂದು ನೀನೇ ಹೇಳಿದ್ದೆ. ಅಲ್ಲಿ ನಿಂತರೆ ಹೂವು ಹಳದಿ ಬಣ್ಣದ ಗುಡ್ಡೆ, ಜನ ಬರೀ ತಲೆ. ಎಂಟರ ಅಡಿಕೆಯನ್ನೂ ತೆಗೆದೆ. ನೀನು ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಿರುವುದೂ ಅದರಲ್ಲಿ ಸೇರಿದೆ.

47ನೆಯದನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಯಾಕೆ ಅಷ್ಟು ಹಿಂದೆ ತುರುಕಿದ್ದೀಯ?

ಕೆಳಗಿಳಿದು ತೆಗೆದ ಚಿತ್ರ ಅದು. ಹೂವಾಡಗಿತ್ತಿ ಮಲ್ಲಿಗೆ ಅಳೆಯುತ್ತಿದ್ದಾಳೆ. ದಾರದ ತುದಿ ಹಲ್ಲಿನಲ್ಲಿ, ಮಾಲೆ ಮೊಣಕೈಯಿಂದ ಬೆರಳಿನವರೆಗೆ. ಮೇಲಿನ ಬಲ್ಬು ಸುಟ್ಟು ಬೆಳ್ಳಗಾಗಿದೆ, ಎಡ ಅಂಚಿನಲ್ಲಿ ಯಾರದೋ ಅರ್ಧ ಭುಜ ನುಗ್ಗಿದೆ. ಕ್ಲಬ್ಬಿನ ಹಿರಿಯರು ಎಲ್ಲರೆದುರು ಈ ಎರಡು ದೋಷಗಳನ್ನೇ ಎತ್ತಿ ಆಡಿದರೆಂದು ಫೋನಿನಲ್ಲಿ ಅತ್ತೆಯಲ್ಲ. ಅವರು ಹೇಳಿದ್ದು ಸರಿಯೇ, ಎರಡೂ ದೋಷಗಳೇ. ಆದರೆ ಅವರು ಬಲ್ಬು ನೋಡಿದರು, ಭುಜ ನೋಡಿದರು, ಬೆರಳು ನೋಡಲಿಲ್ಲ. ನೀನೂ ನೋಡಿಲ್ಲವೆಂದು ನನ್ನ ಅನುಮಾನ. ನೋಡಿದ್ದರೆ ಚಿತ್ರದ ಕೆಳಗೆ ‘ಮುಂಜಾನೆಯ ಪರಿಮಳ’ ಎಂದು ಬರೆಯುತ್ತಿರಲಿಲ್ಲ.

ಇನ್ನೊಮ್ಮೆ ತೆಗೆದು ನೋಡು. ಆಕೆಯ ನಡುಬೆರಳು ನೆಟ್ಟಗಿಲ್ಲ. ತುದಿಯ ಗೆಣ್ಣು ಒಳಕ್ಕೆ ಮಡಚಿದೆ. ಮೊಳ ಅಲ್ಲಿಗೇ ಮುಗಿದಿದೆ, ಒಂದು ಅಂಗುಲ ಮೊದಲೇ! ಕಣ್ಣು ಮಾತ್ರ ಹೂವಿನ ಮೇಲಿಲ್ಲ, ಗಿರಾಕಿಯ ಮುಖದ ಮೇಲಿದೆ. ನಾನು ಹೂವು ಕೊಳ್ಳತೊಡಗಿ ಐವತ್ತು ವರ್ಷವಾಯಿತು, ಆ ಗೆಣ್ಣು ಮಡಚುವುದನ್ನು ನೋಡಿಯೂ ನೋಡದಂತೆ ಇದ್ದವಳು. ಅದು ಹೀಗೆ ಕಾಗದದ ಮೇಲೆ ಸಿಕ್ಕಿಬಿದ್ದದ್ದನ್ನು ಕಂಡದ್ದು ಇದೇ ಮೊದಲು. ಪಕ್ಕದ ಮನೆಯವರಿಗೆ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕು, ತಮ್ಮ ಹೂವಾಡಗಿತ್ತಿಯ ಕಥೆ ಶುರುಮಾಡಿದರು. ಉಳಿದ 83ರಲ್ಲಿ ಯಾವುದನ್ನು ನೋಡಿಯೂ ಯಾರೂ ಕಥೆ ಹೇಳಲಿಲ್ಲ.

ಆ ಭುಜವನ್ನು ಕತ್ತರಿಸಿಬಿಡು. ತೆಗೆದದ್ದನ್ನು ಕತ್ತರಿಸಬಾರದೆಂಬ ವ್ರತವೇನಾದರೂ ಇದ್ದರೆ ಬಿಡು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸಾನ್ ಕೂಡ ಸಾಮಾನ್ಯವಾಗಿ ಕತ್ತರಿ ಒಪ್ಪದವರೇ. ಆದರೂ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ, ನೀರಿನ ಮೇಲೆ ಜಿಗಿಯುವ ಮನುಷ್ಯನ ಚಿತ್ರವಿದೆಯಲ್ಲ, ಅದಕ್ಕೆ ಕತ್ತರಿ ಬಿದ್ದಿದೆ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಎಡಗಡೆ ಹಲಗೆ ಅಡ್ಡ ಬಂದಿತ್ತು. ನಮ್ಮಲ್ಲಿ ಎರಡು ಎಲ್ ಆಕಾರದ ರಟ್ಟುಗಳಿದ್ದವು, ಪ್ರಿಂಟಿನ ಮೇಲೆ ಎದುರುಬದುರಾಗಿಟ್ಟು ಜಾರಿಸುತ್ತಾ ಎಲ್ಲಿ ಕತ್ತರಿಸಬೇಕೆಂದು ನೋಡುವುದಕ್ಕೆ. ಅವನ್ನು ಅಟ್ಟದಿಂದ ಇಳಿಸಿ 47ರ ಮೇಲಿಟ್ಟೆ. ಎಡದಿಂದ ಹೆಬ್ಬೆರಳಗಲ ಹೋದರೆ ಭುಜ ಹೋಗುತ್ತದೆ, ಮೇಲಿಂದ ಅಷ್ಟೇ ಹೋದರೆ ಬಲ್ಬಿನ ಮುಕ್ಕಾಲು ಭಾಗ ಹೋಗುತ್ತದೆ. ಪೆನ್ಸಿಲ್ ಗೆರೆ ಎಳೆದಿದ್ದೇನೆ.

ಎಷ್ಟು ಉಳಿಸಬೇಕೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರು ನಮ್ಮಲ್ಲಿ ಪ್ರಿಂಟ್ ಹಾಕಿಸುತ್ತಿದ್ದರು. 1853ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಮನ್ನಣೆಗೆ ಅರ್ಜಿ ಹಾಕುವ ಹಂಬಲ ಅವರಿಗೆ. ಅದರ ಮೊದಲ ಮೆಟ್ಟಿಲಿಗೆ ಬೇಕಾದದ್ದು ಹತ್ತೇ ಚಿತ್ರ, ಎರಡನೆಯದಕ್ಕೆ ಹದಿನೈದು. ಒಂದೊಂದನ್ನು ನೋಡುವಂತೆಯೇ ಅಷ್ಟನ್ನೂ ಒಟ್ಟಾಗಿಯೂ ನೋಡುತ್ತಾರಂತೆ, ಯಾವುದರ ಪಕ್ಕ ಯಾವುದು ಎಂಬ ನಕ್ಷೆ ಸಮೇತ. ಆ ಮನುಷ್ಯ ಭಾನುವಾರವಿಡೀ ನಮ್ಮ ಕೌಂಟರ್ ಮೇಲೆ ಹತ್ತು ಪ್ರಿಂಟ್ ಹರಡಿಕೊಂಡು ಇಸ್ಪೀಟು ಆಡುವವರ ಹಾಗೆ ಅದಲುಬದಲು ಮಾಡುತ್ತಿದ್ದರು. ಕೊನೆಗೊಂದು ದಿನ ಎಲ್ಲಕ್ಕಿಂತ ಚೆನ್ನಾಗಿದ್ದ ಕೊಕ್ಕರೆಯ ಚಿತ್ರವನ್ನೇ ಎತ್ತಿ ಪಕ್ಕಕ್ಕಿಟ್ಟರು. ಉಳಿದವುಗಳ ಜೊತೆ ಅದು ಕೂರುತ್ತಿಲ್ಲ ಎಂದರು. ತಲೆಕೆಟ್ಟಿದೆ ಎಂದುಕೊಂಡಿದ್ದೆ. ಈ ವಾರ ಜಗಲಿಯ ಮೇಲೆ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡ ಮೇಲೆ ಅರ್ಥವಾಯಿತು.

ನನಗೆ ಉಳಿದದ್ದು 19 ಅಡಿಕೆ. ನಿನಗೆ ಬೇರೆ 19 ಉಳಿಯಬಹುದು, ಜಗಳವಿಲ್ಲ. ಆದರೆ ಮುಂದೆ ಯಾರನ್ನಾದರೂ ಕೇಳುವಾಗ ‘ಹೇಗಿದೆ’ ಎಂದು ಕೇಳಬೇಡ. ಊಟಕ್ಕೆ ಕರೆದವರು ಹಾಗೆ ಕೇಳಿದರೆ ಉಪ್ಪಿಲ್ಲದಿದ್ದರೂ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಇದರಲ್ಲಿ ನಾಲ್ಕು ತೆಗೆಯಬೇಕು, ಯಾವುದನ್ನು ತೆಗೆಯಲಿ?’ ಎಂದು ಕೇಳು. ಆಗ ಅವರೂ ಅಡಿಕೆ ಹಿಡಿದು ಕೂರಬೇಕಾಗುತ್ತದೆ. ಮತ್ತೆ, ನಿನ್ನ ಪರಿಚಯದಲ್ಲಿ ‘ಕ್ಷಣಗಳನ್ನು ಸೆರೆಹಿಡಿಯುವ ಹುಚ್ಚು’ ಎಂದು ಬರೆದಿದ್ದೀಯ. ಅದು ಎಲ್ಲರಿಗೂ ಇದೆಯಂತೆ. ಯಾವ ಊರು, ಏನು ಕೆಲಸ, ವಾರದಲ್ಲಿ ಯಾವ ದಿನ ಕ್ಯಾಮೆರಾ ಹಿಡಿಯಲು ಪುರಸೊತ್ತು ಸಿಗುತ್ತದೆ ಎಂದು ಬರೆ, ಸಾಕು.

ಪ್ರಿಂಟುಗಳನ್ನು ನಾಳೆ ಅಂಚೆಗೆ ಹಾಕುತ್ತೇನೆ. ಪ್ರತಿಯೊಂದರ ಬೆನ್ನ ಮೇಲೂ ಬರೆದಿದ್ದೇನೆ. 47ರದ್ದು ಎರಡು ಪ್ರತಿ ಇವೆ. ಒಂದನ್ನು ಹಿಡಿದುಕೊಂಡು ಮಾರುಕಟ್ಟೆಗೆ ಹೋಗಿ ಆಕೆಗೆ ಕೊಡು. ಇಂಟರ್ನೆಟ್ಟಿನಲ್ಲಿ ಹಾಕಿದ್ದೇನೆ, ಆಗಬಹುದೇ ಎಂದೂ ಕೇಳು. ಬೇಡವೆಂದರೆ ತೆಗೆದುಬಿಡು, ನನಗೂ ಬೇಸರವಾಗುತ್ತದೆ, ಆದರೂ ತೆಗೆ. ಬೆರಳಿನ ವಿಷಯವನ್ನು ಮಾತ್ರ ಬಾಯಿ ಬಿಡಬೇಡ. ಎರಡು ಮೊಳ ಮಲ್ಲಿಗೆ ತೆಗೆದುಕೋ, ಚೌಕಾಶಿ ಮಾಡಬೇಡ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಅಜ್ಜಿಗೆ ಹೊಸ ಫೋಟೋ ಬೇಕಂತೆ. ನೀಲಿ ಸೀರೆ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದಾರೆ. ಯಾವಾಗ ಬರುತ್ತೀಯ?