ಕಲ್ಲು ಸಿಕ್ಕಿದ ಮೇಲೆ ಕಾಗದ ಹುಡುಕು

ಡೊಂಬಿವಲಿ

ಚಿ. ಸೌ. ಶುಭಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಖಂಡಾಲಾದಿಂದ ವಾಟ್ಸಾಪಿನಲ್ಲಿ ಕಳಿಸಿದ, ಮೋರಿ ಹತ್ತಿರದ ಕೆತ್ತಿದ ಕಲ್ಲಿನ ಫೋಟೋ ನೋಡಿದೆ. ಉತ್ತರ ಅದರಲ್ಲೇ ಟೈಪ್ ಮಾಡೋಣ ಅಂದುಕೊಂಡೆ, ವಿಷಯ ದೊಡ್ಡದಿದೆ, ಹಾಗಾಗಿ ಈ ಕಾಗದ. ಆರ್ಯ ಅದು ಶಿವಾಜಿ ಕಾಲದ ಕಲ್ಲು ಅಂದನಂತೆ, ಅಳಿಯಂದಿರು ಯಾರದೋ ಸಮಾಧಿ ಅಂದರಂತೆ. ಎರಡೂ ಅಲ್ಲ. ಮೇಲೆ ಜಿ.ಟಿ.ಎಸ್., ನಡುವೆ ಕೊರೆದ ಒಂದು ಚೌಕ, ಕೆಳಗೆ ಬಿ.ಎಂ. ಅಂತ ಇದ್ದರೆ ಅದು ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕ್, ಅಂದರೆ ಎತ್ತರ ಅಳೆದು ಇಟ್ಟ ಗುರುತು. ಆ ಚೌಕ ಅಲಂಕಾರಕ್ಕೆ ಕೆತ್ತಿದ್ದಲ್ಲ. ಲೆವೆಲ್, ಅಂದರೆ ಎತ್ತರ, ತೆಗೆಯುವಾಗ ಸ್ಟಾಫ್ ಅನ್ನೋ ಅಳತೆಕೋಲು ನಿಲ್ಲಿಸುವ ಜಾಗ ಅದು. ಸರ್ವೆಯವರ ಪುಸ್ತಕದಲ್ಲಿ ಬರೆದ ಎತ್ತರ ಆ ಮೇಲ್ಮೈಯದ್ದು.

ಜಿ.ಟಿ.ಎಸ್. ಅಂದರೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ತ್ರಿಕೋನಗಳ ಲೆಕ್ಕದಿಂದ ದೇಶ ಅಳೆದ ಬ್ರಿಟಿಷರ ಕೆಲಸ. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ್ದು. ಎತ್ತರ ಅಳೆಯುವ ಕೆಲಸ ಆಮೇಲೆ, 1858ರಿಂದ. ರಸ್ತೆ ಹಿಡಿದು, ರೈಲು ಹಳಿ ಹಿಡಿದು, ಸ್ಟಾಫ್ ನಿಲ್ಲಿಸುತ್ತಾ ಊರಿಂದ ಊರಿಗೆ ನಡೆದರು. ಸೊನ್ನೆ ಎಲ್ಲಿ ಅಂತ ತೀರ್ಮಾನಿಸಲು ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತ ಅಳೆದರು. ಅದರಲ್ಲಿ ಮುಂಬೈಯೂ ಒಂದು. ಅಪೊಲೊ ಬಂದರಿನಲ್ಲಿ 1878ರಿಂದ ಲೆಕ್ಕ ಇದೆ. ನಮ್ಮ ಕಾರವಾರವೂ ಒಂದು, ಅದನ್ನ ಆರ್ಯನಿಗೆ ಮರೀದೆ ಹೇಳು. 1909ರಲ್ಲಿ ಈ ಒಂಬತ್ತೂ ಕಡೆಯ ಸರಾಸರಿ ಮಟ್ಟವನ್ನು ಸೊನ್ನೆ ಅಂತ ಹಿಡಿದು ದೇಶದ ಲೆಕ್ಕವನ್ನೆಲ್ಲ ಹೊಂದಿಸಿದರು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತಲ್ಲ, ಅದು ಯಾವ ಸಮುದ್ರ ಅಂತ ಕೇಳುವ ಮಕ್ಕಳಿಗೆ ಇದೇ ಉತ್ತರ.

ಈಗ ನಿನಗೆ ಹೇಳಬೇಕಾದ ಮಾತು. ಕಲ್ಲು ನೋಡಿದ ಕೂಡಲೇ ಹೆಸರಿಡಬೇಡ. ಕಲ್ಲು ಹೇಳುವುದು ಅರ್ಧ, ಉಳಿದದ್ದು ಕಾಗದದಲ್ಲಿದೆ. ಎರಡೂ ತಾಳೆಯಾದ ಮೇಲೆ ಸಿಕ್ಕಿತು ಅನ್ನು. ಯಾಕೆ ಅಂದರೆ ಘಾಟಿನಲ್ಲಿ ಕೆತ್ತಿದ ಕಲ್ಲು ಬೇಕಾದಷ್ಟಿವೆ. ರೋಮನ್ ಅಂಕಿ ಇದ್ದರೆ ಮೈಲಿಗಲ್ಲು. ಮುಂಬೈಯಲ್ಲಿ ಅಂಥವು ಫೋರ್ಟಿನ ಸೇಂಟ್ ಥಾಮಸ್ ಚರ್ಚಿನಿಂದ ದೂರ ತೋರಿಸುತ್ತವೆ, ಎತ್ತರಕ್ಕೂ ಅವಕ್ಕೂ ಸಂಬಂಧ ಇಲ್ಲ. ಅರಣ್ಯ ಇಲಾಖೆಯ ಗಡಿಕಲ್ಲು, ರೈಲ್ವೆ ಜಾಗದ ಕಲ್ಲು, ಹೊಲದ ಬಾಂದುಕಲ್ಲು, ಇವೆಲ್ಲ ಬೇರೆ. ಬಂಡೆ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕಿ ಕಂಡರೆ ಅದು ಟ್ರಿಗ್ ಸ್ಟೇಷನ್ ಇರಬಹುದು. ಅದೂ ಸರ್ವೆಯದ್ದೇ, ಆದರೆ ಮುಖ್ಯವಾಗಿ ಜಾಗ ಗುರುತಿಸೋಕೆ. ಗುಡ್ಡದ ನೆತ್ತಿಯಲ್ಲಿ, ಕೋಟೆಯ ಎತ್ತರದ ಬುರುಜಿನಲ್ಲಿ ಹುಡುಕಬೇಕು.

ಇನ್ನೊಂದು, ಸೇತುವೆಯ ಪ್ಯಾರಾಪೆಟ್ ಮೇಲೆ ಕೆಂಪು ಬಣ್ಣದಲ್ಲಿ ಟಿ.ಬಿ.ಎಂ. 100.000 ಅಂತ ಬರೆದಿರುತ್ತಾರೆ. ಅದು ಕಂಟ್ರಾಕ್ಟರರ ಕೆಲಸ, ತಾತ್ಕಾಲಿಕ ಗುರುತು. ನಾನೂ ಎಷ್ಟೋ ಬರೆಸಿದ್ದೇನೆ. ನೂರು ಅನ್ನೋದು ಲೆಕ್ಕಕ್ಕೆ ಸುಲಭ ಅಂತ ಸುಮ್ನೆ ಹಿಡಿದುಕೊಂಡ ಅಂಕಿ. ಅದನ್ನ ಓದಿ ಲೋಣಾವಳಾ ನೂರು ಮೀಟರ್ ಎತ್ತರದಲ್ಲಿದೆ ಅಂತ ಸ್ಕೂಲ್ ಪ್ರಾಜೆಕ್ಟಿನಲ್ಲಿ ಬರೆದುಬಿಟ್ಟರೆ ಟೀಚರ್ ನಗ್ತಾರೆ.

ಆರ್ಯ ಯೂಟ್ಯೂಬಿನಲ್ಲಿ ನೋಡಿದ ಹಿತ್ತಾಳೆ ಬಿಲ್ಲೆ ಅಮೆರಿಕದ್ದು. ಅಲ್ಲಿ ಬಿಲ್ಲೆ ಮೇಲೇ ಹೆಸರು ಕೊರೆದಿರುತ್ತದೆ. ಅಲ್ಲಿನ ಸರ್ವೆ ಇಲಾಖೆ ಎನ್.ಜಿ.ಎಸ್.ನ ವೆಬ್‌ಸೈಟಿನಲ್ಲಿ ಹುಡುಕಿದರೆ ಎತ್ತರ, ಹೋಗುವ ದಾರಿ, ಕೊನೆಗೆ ಯಾವಾಗ ನೋಡಿದ್ದರು, ಎಲ್ಲ ಸಿಗುತ್ತದೆ. ಇಲ್ಲಿ ಅಷ್ಟು ಸಲೀಸಿಲ್ಲ. ಆದರೆ ದಾರಿ ಇದೆ. ಮೊದಲು ಟೋಪೋಶೀಟ್, ಅಂದರೆ ಸರ್ವೆಯವರ ವಿವರವಾದ ನಕ್ಷೆಯ ಹಾಳೆ. ಹಳೇ ನಂಬರಿನಲ್ಲಿ ಪುಣೆ 47ಎಫ್, ಮುಂಬೈ 47ಎ ಮತ್ತು 47ಬಿ. ಹೊಸ ಓಪನ್ ಸೀರೀಸ್ ನಕ್ಷೆಗಳ ನಂಬರ್ ಎರಡೂ ಕಡೆ ಇ43 ಅಂತ ಶುರುವಾಗುತ್ತದೆ. ಸರ್ವೆ ಆಫ್ ಇಂಡಿಯಾ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಈ ಹೊಸವು ಪುಕ್ಕಟೆ. ನಕ್ಷೆಯಲ್ಲಿ ಬಿ.ಎಂ. ಅಂತ ಬರೆದು ಪಕ್ಕದಲ್ಲಿ ಅಂಕಿ ಇದ್ದರೆ ಬೆಂಚ್ ಮಾರ್ಕ್, ಸಣ್ಣ ತ್ರಿಕೋನ ಇದ್ದರೆ ಟ್ರಿಗ್ ಸ್ಟೇಷನ್. ಹಳೇ ಶೀಟಿನಲ್ಲಿ ಅಂಕಿ ಅಡಿ (ಫೀಟ್) ಲೆಕ್ಕದಲ್ಲಿರುತ್ತದೆ, ಹೊಸದರಲ್ಲಿ ಮೀಟರ್. ಇದೊಂದನ್ನು ಗಮನಿಸದೆ ತಲೆ ಕೆಡಿಸಿಕೊಂಡವರು ಬಹಳ ಜನ.

ಆಮೇಲೆ ಲೆವೆಲಿಂಗ್ ಪ್ಯಾಂಫ್ಲೆಟ್‌ಗಳು. ಪ್ರತಿ ಬೆಂಚ್ ಮಾರ್ಕ್ ಎಲ್ಲಿದೆ, ಎಷ್ಟು ಎತ್ತರ ಅಂತ ವಿವರ ಅದರಲ್ಲಿದೆ, ಶೀಟ್ ನಂಬರಿನ ಪ್ರಕಾರ ಜೋಡಿಸಿದ್ದು. ಟ್ರಿಗ್ ಸ್ಟೇಷನ್ನುಗಳಿಗೆ ಜಿ.ಟಿ.ಎಸ್.ನವರ ದಪ್ಪ ಸಂಪುಟಗಳಿವೆ, ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಹುಡುಕುವಾಗ ಬ್ರಿಟಿಷರ ಸ್ಪೆಲಿಂಗ್ ಹಾಕು. ಖಡ್ಕಿ ಅಂದರೆ ಕಿರ್ಕೀ, ಖೋಪೋಲಿ ಅಂದರೆ ಕ್ಯಾಂಪೂಲಿ. ಮಹಾರಾಷ್ಟ್ರ ಮತ್ತು ಗೋವಾದ ಸರ್ವೆ ಆಫೀಸು ನಿಮ್ಮ ಪುಣೆಯಲ್ಲೇ ಇದೆ. ಒಂದು ದಿನ ಹೋಗಿ ಕೇಳಿ ಬಾ, ನಾಚಿಕೆ ಬೇಡ.

ಹಳೇ ಸಂಪುಟದಿಂದ ಅಕ್ಷಾಂಶ ರೇಖಾಂಶ ಎತ್ತಿ ಗೂಗಲ್ ಮ್ಯಾಪಿಗೆ ಹಾಕಿದರೆ ಮಾತ್ರ ಜೋಕೆ. ಆ ಕಾಲದ ರೇಖಾಂಶಗಳಿಗೆಲ್ಲ ಮದ್ರಾಸ್ ವೀಕ್ಷಣಾಲಯವೇ ಆಧಾರ. ಮದ್ರಾಸಿನ ರೇಖಾಂಶವೇ ಸ್ವಲ್ಪ ತಪ್ಪಿತ್ತು. ಅದಕ್ಕೇ ಆಮೇಲಿನವರು ಎಲ್ಲದರಿಂದ ಸುಮಾರು 2 ಮಿನಿಟ್ 27 ಸೆಕೆಂಡ್ ಕಳೆಯಿರಿ ಅಂತ ಬರೆದರು. ಕೇಳಲಿಕ್ಕೆ ಸಣ್ಣದು, ಅಲ್ವಾ? ನಮ್ಮ ಕಡೆ ಅದು ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಗುಡ್ಡದ ನೆತ್ತಿಯ ಸ್ಟೇಷನ್ ಪೂರ್ವಕ್ಕೆ ಜರುಗಿ ಯಾರದೋ ಗದ್ದೆಯಲ್ಲಿ ಕೂರುತ್ತದೆ. ನೀವು ಆ ಗದ್ದೆಯಲ್ಲಿ ಮಧ್ಯಾಹ್ನವಿಡೀ ಸುತ್ತುತ್ತೀರಿ.

ಎತ್ತರದ್ದೂ ಇದೇ ಕತೆ. ಫೋನಿನ ಕೆಲವು ಜಿ.ಪಿ.ಎಸ್. ಆ್ಯಪ್‌ಗಳು ಸಮುದ್ರ ಮಟ್ಟದಿಂದ ಅಳೆಯೋದಿಲ್ಲ, ಭೂಮಿಯ ಒಂದು ಲೆಕ್ಕದ ಮೇಲ್ಮೈಯಿಂದ ಅಳೆಯುತ್ತವೆ. ಮುಂಬೈ ಪುಣೆ ಕಡೆ ಎರಡಕ್ಕೂ 60 ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಗೇಟ್‌ವೇ ಮುಂದೆ ನಿಂತಾಗ ಫೋನ್ ಮೈನಸ್ ಅಂಕಿ ತೋರಿಸಿದರೆ ಫೋನ್ ಕೆಟ್ಟಿಲ್ಲ. ಮುಂಬೈ ಮಹಾನಗರಪಾಲಿಕೆಗಂತೂ ತನ್ನದೇ ಲೆಕ್ಕ, ಟೌನ್ ಹಾಲ್ ಡೇಟಮ್ (ಟಿ.ಎಚ್.ಡಿ.) ಅನ್ನೋ ಬೇರೆಯೇ ಸೊನ್ನೆ. ಬಿಲ್ಡಿಂಗ್ ಕಟ್ಟುವವರ ಬಾಯಲ್ಲಿ ಪ್ಲಾಟನ್ನು ಕನಿಷ್ಠ 92 ಟಿ.ಎಚ್.ಡಿ.ಗೆ ಭರ್ತಿ ಮಾಡಬೇಕು ಅನ್ನೋ ಮಾತು ಕೇಳಿರುತ್ತೀ. ಅಂದರೆ ಸಮುದ್ರದಿಂದ 92 ಅಡಿ ಮೇಲೆ ಅಂತಲ್ಲ. ಹಾಗಾಗಿ ಯಾವ ಅಂಕಿ ಬರೆದುಕೊಂಡರೂ ಯಾವ ಸೊನ್ನೆಯಿಂದ ಅಂತ ಪಕ್ಕದಲ್ಲೇ ಬರೆ.

ಕಲ್ಲಿನ ಹತ್ತಿರ ಹೇಗಿರಬೇಕು ಅನ್ನೋದು. ತಂತಿ ಬ್ರಷ್ ಹಾಕಿ ಉಜ್ಜಬೇಡ. ಚಾಕ್, ಪೇಂಟ್ ಬೇಡವೇ ಬೇಡ. ಅಕ್ಷರ ಕಾಣದಿದ್ದರೆ ನೀರು ಚಿಮುಕಿಸಿ ಬೆಳಗಿನ ಓರೆ ಬಿಸಿಲಲ್ಲಿ ನೋಡು, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿ. ಸವೆದ ಇಸವಿ ಕೂಡ ನೆರಳಿನಲ್ಲಿ ಎದ್ದು ಕಾಣುತ್ತದೆ. ನೀನು ಕಳಿಸಿದ್ದು ಕಲ್ಲಿನ ಮುಖ ಮಾತ್ರ, ಅದು ಸಾಲದು. ಮೇಲಿನಿಂದ ಒಂದು, ಹತ್ತು ಹೆಜ್ಜೆ ಹಿಂದಿನಿಂದ ಒಂದು, ರಸ್ತೆಯ ಎರಡೂ ದಿಕ್ಕಿಗೆ ಒಂದೊಂದು ತೆಗಿ. ಮೋರಿಯ ಯಾವ ಕಡೆ, ಹತ್ತಿರದ ಕಿಲೋಮೀಟರ್ ಕಲ್ಲು ಯಾವುದು ಅಂತ ಬರೆದುಕೋ. ಪ್ಯಾಂಫ್ಲೆಟ್ಟಿನ ವಿವರಕ್ಕೆ ತಾಳೆ ಹಾಕಲಿಕ್ಕೆ ಬೇಕಾಗೋದು ಇದೇ.

ಕೆಲವು ಕಲ್ಲಿಗೆ ಜನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಾರೆ. ಅಲ್ಲಿ ಇದು ದೇವರಲ್ಲ ಅಂತ ಪಾಠ ಮಾಡಲಿಕ್ಕೆ ಹೋಗಬೇಡ. ಪೂಜೆ ನಡೆಯುವ ಕಲ್ಲನ್ನು ಯಾರೂ ಕೀಳೋದಿಲ್ಲ, ನನ್ನ ಪ್ರಕಾರ ಬೇಲಿಗಿಂತ ಅದೇ ಗಟ್ಟಿ ಕಾವಲು. ಉಳಿದವು ರಸ್ತೆ ಅಗಲ ಮಾಡುವಾಗ ಜೆ.ಸಿ.ಬಿ.ಗೆ ಹೋಗುತ್ತಿವೆ. ಅದಕ್ಕೇ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ ಹುಡುಕು ಅನ್ನೋದು. ಹಳೇ ಮೋರಿ, ದೇವಸ್ಥಾನದ ಮೆಟ್ಟಿಲು, ಸ್ಟೇಷನ್ ಪ್ಲಾಟ್‌ಫಾರ್ಮಿನ ಅಂಚು ನೋಡು.

ಅಳಿಯಂದಿರು ಕಿತ್ತುಬಿದ್ದ ಕಲ್ಲು ಸಿಕ್ಕರೆ ಮನೆ ಅಂಗಳಕ್ಕೆ ತರೋಣ ಅಂದರಂತಲ್ಲ. ಬೇಡ ಅಂತ ನೇರ ಹೇಳು. ಸರ್ಕಾರ ನೆಟ್ಟ ಗುರುತನ್ನು ಹಾಳು ಮಾಡಿದರೆ, ಜಾಗ ಬದಲಿಸಿದರೆ ಹಳೇ ಐ.ಪಿ.ಸಿ.ಯ 434ರಲ್ಲೇ ಒಂದು ವರ್ಷದವರೆಗೆ ಸಜೆ ಇತ್ತು, ಹೊಸ ಕಾಯ್ದೆಯಲ್ಲೂ ಅದು ಅಪರಾಧವೇ. ಬಿದ್ದದ್ದು ಕಂಡರೆ ಫೋಟೋ ತೆಗೆದು ಪುಣೆಯ ಆಫೀಸಿಗೆ ಒಂದು ಪತ್ರ ಹಾಕು. ಖಂಡಾಲಾದ ಆ ಮೋರಿಗೆ ಮಳೆ ಶುರುವಾಗುವ ಮೊದಲೇ ಇನ್ನೊಮ್ಮೆ ಹೋಗಿ ನಾನು ಹೇಳಿದ ಫೋಟೋ ಎಲ್ಲ ಕಳಿಸು. ಶೀಟ್ ನಾನು ತೆಗೆದಿಟ್ಟಿರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ